ಹಾಯಿದೋಣಿಯಲ್ಲಿ ಕುಡಿಯುವ ನೀರು: ಸ್ಟೀಲ್ ಬಾಟಲಿ, ಕ್ಯಾನ್, ಟ್ಯಾಂಕ್ ಫಿಲ್ಟರ್, ವಾಟರ್‌ಮೇಕರ್ ಎಲ್ಲ ಬಳಸಿ ನೋಡಿದೆ

ಮೊದಲು ಒಂದು ಸಣ್ಣ ಲೆಕ್ಕ. ನಾಲ್ಕು ಜನ ಒಂದು ವಾರ ಹಾಯಿದೋಣಿಯಲ್ಲಿ ಹೊರಟರು ಅಂತಿಟ್ಟುಕೊಳ್ಳಿ. ಬಿಸಿಲಲ್ಲಿ ತಲೆಗೆ ದಿನಕ್ಕೆ 3 ಲೀಟರ್ ಬೇಕೇ ಬೇಕು. ಒಟ್ಟು 84 ಲೀಟರ್. ಅದನ್ನು ಅರ್ಧ ಲೀಟರ್ ಬಾಟಲಿಗಳಲ್ಲಿ ತಂದರೆ 168 ಬಾಟಲಿ, 168 ಮುಚ್ಚಳ, ಜೊತೆಗೆ ಬಾಟಲಿಗಳ ಕಟ್ಟುಗಳಿಗೆ ಸುತ್ತಿದ ಪ್ಲಾಸ್ಟಿಕ್ ಹಾಳೆ. ಇದೆಲ್ಲ ಒಂದೇ ದೋಣಿಯ ಒಂದು ವಾರದ ಕಸ.

ಬೇಕಂತಲೇ ಸಮುದ್ರಕ್ಕೆ ಎಸೆಯುವವರು ನಮ್ಮಲ್ಲಿ ತೀರಾ ಕಡಿಮೆ. ಆದರೆ ದೋಣಿ ವಾಲಿದಾಗ ಕಾಕ್‌ಪಿಟ್‌ನಲ್ಲಿ, ಅಂದರೆ ಚುಕ್ಕಾಣಿ ಹಿಡಿದು ಕೂರುವ ಜಾಗದಲ್ಲಿ, ಇಟ್ಟ ಖಾಲಿ ಬಾಟಲಿ ಉರುಳಿ ಹೋಗುತ್ತದೆ, ಗಾಳಿ ಎತ್ತಿಕೊಂಡು ಹೋಗುತ್ತದೆ, ಹಿಂದೆ ತಿರುಗಿಸಿ ಹುಡುಕುವ ಹೊತ್ತಿಗೆ ಕಣ್ಣಿಗೇ ಬೀಳುವುದಿಲ್ಲ. ಬಾಟಲಿ ಮಾಡುವ ಪೆಟ್ ಪ್ಲಾಸ್ಟಿಕ್ ನೀರಿಗಿಂತ ಭಾರ, ಒಳಗೆ ನೀರು ತುಂಬಿದರೆ ತಳ ಸೇರುತ್ತದೆ. ಮುಚ್ಚಳದ ಪ್ಲಾಸ್ಟಿಕ್ ಬೇರೆ, ಅದು ತೇಲುತ್ತಲೇ ಇರುತ್ತದೆ. 1997ರಲ್ಲಿ ಚಾರ್ಲ್ಸ್ ಮೂರ್ ಒಂದು ರೇಸ್ ಮುಗಿಸಿ ಉತ್ತರ ಪೆಸಿಫಿಕ್ ದಾಟಿ ವಾಪಸ್ ಬರುವಾಗ ದಾರಿಯುದ್ದಕ್ಕೂ ತೇಲುವ ಪ್ಲಾಸ್ಟಿಕ್ ಚೂರುಗಳನ್ನು ಕಂಡರು. ಅವರೂ ನಮ್ಮ ಹಾಗೆ ಹಾಯಿ ಹಿಡಿದವರೇ. ಕಾನೂನು ಇಲ್ಲ ಅಂತೇನಲ್ಲ. 1988ರ ಕೊನೆಯಿಂದ ಜಾರಿಯಲ್ಲಿರುವ, ಹಡಗುಗಳಿಂದ ಸಮುದ್ರ ಕೆಡದಂತೆ ತಡೆಯುವ ಮಾರ್ಪೋಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಐದನೇ ಅನುಬಂಧದ ಪ್ರಕಾರ ಸಮುದ್ರದ ಯಾವ ಭಾಗದಲ್ಲೂ ಪ್ಲಾಸ್ಟಿಕ್ ಹಾಕುವಂತಿಲ್ಲ, ವಿಹಾರದ ದೋಣಿಗಳಿಗೂ ಇದು ಅನ್ವಯಿಸುತ್ತದೆ. ಹಾಗಿದ್ದರೂ ಗಾಳಿಗೆ ಹಾರಿದ ಬಾಟಲಿಯನ್ನು ಯಾವ ಕಾನೂನೂ ಹಿಡಿಯಲಾರದು. ಅದು ದೋಣಿಗೆ ಹತ್ತಲೇಬಾರದು.

ಮತ್ತೆ ಯಾಕೆ ಹತ್ತುತ್ತದೆ? ನಾನು ಕಂಡ ಮಟ್ಟಿಗೆ ಕಾರಣ ಸೋಮಾರಿತನ ಅಲ್ಲ, ದೋಣಿಯ ಟ್ಯಾಂಕ್ ನೀರಿನ ಮೇಲೆ ಯಾರಿಗೂ ನಂಬಿಕೆ ಇಲ್ಲ. ಆ ನೀರು ಪ್ಲಾಸ್ಟಿಕ್ ವಾಸನೆ ಹೊಡೆಯುತ್ತದೆ, ಟ್ಯಾಂಕ್ ಒಳಗೆ ಏನಿದೆಯೋ ಗೊತ್ತಿಲ್ಲ, ಅದು ಪಾತ್ರೆ ತೊಳೆಯೋಕೆ ಮಾತ್ರ ಅನ್ನುವುದು ಎಲ್ಲರ ತಲೆಯಲ್ಲಿ ಕೂತುಬಿಟ್ಟಿದೆ. ಅದಕ್ಕೇ ನಾನು ಪ್ರತಿಯೊಂದು ದಾರಿಯನ್ನೂ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿದೆ: ಇದನ್ನು ಜನ ನಂಬಿ ಕುಡಿಯುತ್ತಾರಾ?

ಸ್ಟೀಲ್ ಬಾಟಲಿಯಿಂದ ಶುರು ಮಾಡೋಣ. ಒಂದು ದಿನದ ಸವಾರಿಗೆ ಇದೇ ಸಾಕು, ಬೇರೇನೂ ಬೇಡ. ಒಂದೇ ಪದರದ್ದು ಹಗುರ, ಆದರೆ ಬಿಸಿಲಿಗೆ ನೀರು ಬೇಗ ಕಾಯುತ್ತದೆ, ಮತ್ತು ಪೂರ್ತಿ ತುಂಬಿದ್ದಾಗ ನೀರಿಗೆ ಬಿದ್ದರೆ ಮುಳುಗಿಹೋಗುತ್ತದೆ. ಎರಡು ಪದರದ್ದು ಜಾಸ್ತಿ ಭಾರ, ಆದರೆ ಸಂಜೆಯವರೆಗೂ ತಣ್ಣಗಿರುತ್ತದೆ, ತಣ್ಣಗಿದ್ದರೆ ಜನ ಕುಡಿಯುತ್ತಾರೆ. ನನಗೆ ಎರಡನೆಯದೇ ಇಷ್ಟ. ಮುಚ್ಚಳ ಬಾಟಲಿಗೇ ಅಂಟಿಕೊಂಡಿರಲಿ, ಒಂದು ಕೈಯಲ್ಲಿ ತೆರೆಯುವಂತಿರಲಿ, ಯಾಕಂದ್ರೆ ಇನ್ನೊಂದು ಕೈ ಚುಕ್ಕಾಣಿಯ ಮೇಲೋ ಹಗ್ಗದ ಮೇಲೋ ಇರುತ್ತದೆ. ಕುತ್ತಿಗೆಗೆ ಒಂದು ಹಗ್ಗದ ಕುಣಿಕೆ ಹಾಕಿ ಕೊಕ್ಕೆಯಿಂದ ರೇಲಿಂಗ್‌ಗೆ ಸಿಕ್ಕಿಸಿ. ಬಾಟಲಿಯ ಮೇಲೆ ಹೆಸರು ಬರೆಯಿರಿ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಯಾರದು ಯಾವುದು ಅಂತ ಗೊತ್ತಾಗದಿದ್ದರೆ ಅತಿಥಿಗಳು ಹೊಸ ಬಾಟಲಿ ಕೇಳುತ್ತಾರೆ. ಡಿಂಗಿಯಂಥ ಪುಟ್ಟ ದೋಣಿಯಲ್ಲಿ ಮಾತ್ರ ಸ್ಟೀಲ್ ಬೇಡ, ಮೊಣಕಾಲಿಗೆ ಬಡಿಯುತ್ತದೆ. ಅಲ್ಲಿ ಬೆನ್ನಿಗೆ ಹಾಕುವ, ನಳಿಗೆ ಇರುವ ನೀರಿನ ಚೀಲ ಎಷ್ಟೋ ವಾಸಿ.

ಸರಿ, ಬಾಟಲಿ ಖಾಲಿಯಾದ ಮೇಲೆ ಎಲ್ಲಿಂದ ತುಂಬಿಸುವುದು? ಅಸಲಿ ಪ್ರಶ್ನೆ ಇದು.

ದೊಡ್ಡ ಕ್ಯಾನ್ ಸುಲಭದ ಉತ್ತರ. ಮನೆಯಿಂದಲೇ ಒಳ್ಳೆಯ ನೀರು ತುಂಬಿಕೊಂಡು ಬಂದರೆ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ 20 ಲೀಟರ್ ಅಂದರೆ 20 ಕಿಲೋ. ಅಲುಗಾಡುವ ರಬ್ಬರ್ ದೋಣಿಯಲ್ಲಿ ನಿಂತು ಅದನ್ನು ಮೇಲೆತ್ತಿ ಕೊಡುವುದು ಬೆನ್ನಿಗೆ ಒಳ್ಳೆಯದಲ್ಲ, 10 ಲೀಟರಿನ ಎರಡು ತಗೊಳ್ಳಿ. ಬೆಳಕು ಹಾಯದ ಗಾಢ ಬಣ್ಣದ್ದಿರಲಿ, ತಿಳಿ ಬಣ್ಣದ ಕ್ಯಾನ್ ಬಿಸಿಲಲ್ಲಿದ್ದರೆ ಒಳಗೆ ಪಾಚಿ ಕಟ್ಟುತ್ತದೆ. ದೋಣಿಯ ನಡುಭಾಗದಲ್ಲಿ, ತಗ್ಗಿನಲ್ಲಿ ಇಟ್ಟು ಗಟ್ಟಿಯಾಗಿ ಕಟ್ಟಿ. ಶನಿವಾರ ಭಾನುವಾರದ ಸವಾರಿಗೆ ನನಗೆ ಇದರಿಂದ ಯಾವ ತೊಂದರೆಯೂ ಕಾಣಲಿಲ್ಲ. ವಾರಗಟ್ಟಲೆ ಹೋಗುವವರಿಗೆ ಇದು ಸಾಲದು, ಜಾಗ ತಿನ್ನುತ್ತದೆ.

ಈಗ ಟ್ಯಾಂಕ್ ಮತ್ತು ಫಿಲ್ಟರ್. ನನ್ನ ಓಟು ಇದಕ್ಕೇ. ದೋಣಿಯಲ್ಲಿ ನೂರಾರು ಲೀಟರ್ ಹಿಡಿಯುವ ಟ್ಯಾಂಕ್ ಈಗಾಗಲೇ ಇರುವಾಗ ಅದರ ಮೇಲೆ ಬಾಟಲಿಗಳನ್ನು ಪೇರಿಸಿಕೊಂಡು ಹೋಗುವುದು ಎಂಥ ವ್ಯರ್ಥ ಅಲ್ವಾ? ಫಿಲ್ಟರ್ ಕೊಳ್ಳುವ ಮುಂಚೆ ಟ್ಯಾಂಕ್ ತೊಳೆಯಿರಿ. ಮುಚ್ಚಳ ತೆಗೆದು ಕೈ ಹಾಕಿ ಲೋಳೆ ಉಜ್ಜಿ ತೆಗೆಯಬೇಕು. ಆಮೇಲೆ ವಾಸನೆ ಸೇರಿಸದ ಸಾದಾ ಬ್ಲೀಚ್. 5 ಶೇಕಡಾ ಬಲದ್ದಾದರೆ ಲೀಟರ್ ನೀರಿಗೆ 1 ಮಿಲಿಲೀಟರ್, ಅಂದರೆ 100 ಲೀಟರ್ ಟ್ಯಾಂಕ್‌ಗೆ 100 ಮಿಲಿಲೀಟರ್. ಎಲ್ಲ ನಲ್ಲಿಗಳಿಂದಲೂ ಸ್ವಲ್ಪ ಹರಿಸಿ ಪೈಪುಗಳಿಗೂ ಮುಟ್ಟಿಸಿ, ಕೆಲವು ಗಂಟೆ ಬಿಟ್ಟು, ವಾಸನೆ ಹೋಗುವವರೆಗೆ ಹೊಸ ನೀರಿನಿಂದ ತೊಳೆದುಬಿಡಿ. ಅಲ್ಯೂಮಿನಿಯಂ ಟ್ಯಾಂಕ್ ಇದ್ದವರು ಬ್ಲೀಚ್ ಹಾಕಬೇಡಿ, ಲೋಹ ತಿನ್ನುತ್ತದೆ. ಸ್ಟೀಲ್‌ನಲ್ಲೂ ತುಂಬ ಹೊತ್ತು ಬಿಡಬೇಡಿ.

ಫಿಲ್ಟರ್ ಎಲ್ಲಿ ಕೂರಿಸುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಕಾರ್ಬನ್ ಫಿಲ್ಟರ್ ರುಚಿ ಸರಿಮಾಡುವುದೇ ಕ್ಲೋರಿನ್ ಹೀರಿಕೊಂಡು. ಅದನ್ನು ಟ್ಯಾಂಕ್ ತುಂಬುವ ಪೈಪಿಗೇ ಹಾಕಿದರೆ ಕ್ಲೋರಿನ್ ಇಲ್ಲದ ನೀರು ಟ್ಯಾಂಕ್‌ನಲ್ಲಿ ದಿನಗಟ್ಟಲೆ ನಿಂತು ಕೆಡುತ್ತದೆ. ತುಂಬುವ ಕಡೆ ಮಣ್ಣು ಹಿಡಿಯುವ ಫಿಲ್ಟರ್ ಮಾತ್ರ ಸಾಕು. ಕಾರ್ಬನ್ ಬ್ಲಾಕ್, ಅಂದರೆ ಗಟ್ಟಿಯಾಗಿ ಒತ್ತಿದ ಕಾರ್ಬನ್ ಫಿಲ್ಟರ್, ಇರಬೇಕಾದ್ದು ಸಿಂಕ್ ಕೆಳಗೆ, ಕುಡಿಯುವ ನಲ್ಲಿಗೆ ಸ್ವಲ್ಪ ಮುಂಚೆ. 0.5 ಮೈಕ್ರಾನ್‌ನ ಒಳ್ಳೆಯ ಕಾರ್ಬನ್ ಬ್ಲಾಕ್ ಜಿಯಾರ್ಡಿಯಾದಂಥ ಹೊಟ್ಟೆ ಕೆಡಿಸುವ ಸೂಕ್ಷ್ಮ ಜೀವಿಗಳನ್ನೂ ತಡೆಯುತ್ತದೆ, ಆದರೆ ವೈರಸ್ ತಡೆಯುವುದಿಲ್ಲ. ಹಾಗಾಗಿ ತುಂಬಿದ ನೀರಿನ ಮೂಲವೇ ಅನುಮಾನ ಅನ್ನಿಸಿದರೆ ಟ್ಯಾಂಕ್‌ನಲ್ಲಿ ಲೀಟರ್‌ಗೆ ಕನಿಷ್ಠ 0.5 ಮಿಲಿಗ್ರಾಂ ಕ್ಲೋರಿನ್ ಉಳಿಯುವಷ್ಟು ಹಾಕಿ ಅರ್ಧ ಗಂಟೆ ಬಿಡಿ. ಅಳೆಯುವ ಪಟ್ಟಿಗಳು ಸಿಗುತ್ತವೆ.

ಕುಡಿಯುವ ನೀರಿಗೆ ಬೇರೆಯದೇ ಒಂದು ಪುಟ್ಟ ನಲ್ಲಿ ಇಡಿ. ಪಾತ್ರೆ ತೊಳೆಯುವ ನಲ್ಲಿಯಿಂದಲೇ ಬಂದರೆ ಎಷ್ಟೇ ಶುದ್ಧವಾಗಿದ್ದರೂ ಅತಿಥಿಗಳು ಮುಟ್ಟುವುದಿಲ್ಲ. ಬೇರೆ ನಲ್ಲಿ ಹಾಕಿದ ಮೇಲೆ ನನ್ನ ದೋಣಿಯಲ್ಲಿ ಬಾಟಲಿ ನೀರು ಕೇಳುವವರೇ ಇಲ್ಲ. ಹೌದು, ಫಿಲ್ಟರಿನ ಕಾರ್ಟ್ರಿಜ್ ಕೂಡ ಪ್ಲಾಸ್ಟಿಕ್ಕೇ. ಅದನ್ನು ತಯಾರಕರು ಹೇಳಿದ ಅವಧಿಗೆ ಬದಲಿಸಲೇಬೇಕು, ಹಳೆಯದಾದರೆ ಬ್ಯಾಕ್ಟೀರಿಯಾ ಅದರಲ್ಲೇ ಮನೆ ಮಾಡುತ್ತವೆ. ಆದರೂ ಒಂದು ಋತುವಿಗೆ ಒಂದು ಕಾರ್ಟ್ರಿಜ್ ಎಲ್ಲಿ, ನೂರಾರು ಬಾಟಲಿ ಎಲ್ಲಿ!

ವಾಟರ್‌ಮೇಕರ್, ಅಂದರೆ ಸಮುದ್ರದ ಉಪ್ಪುನೀರನ್ನು ಕುಡಿಯುವ ನೀರಾಗಿ ಮಾಡುವ ಯಂತ್ರದ ಬಗ್ಗೆ ಆಸೆ ಎಲ್ಲರಿಗೂ ಇದೆ. ಗೆಳೆಯರ ದೋಣಿಯಲ್ಲಿ ಅದರ ಜೊತೆ ಬದುಕಿ ನೋಡಿದ್ದೇನೆ. ಸಮುದ್ರದ ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಅದನ್ನು ಮೆಂಬ್ರೇನ್ ಅನ್ನುವ ತೆಳು ಪೊರೆಯ ಮೂಲಕ ಬೇರ್ಪಡಿಸಲು 55ರಿಂದ 60 ಬಾರ್ ಒತ್ತಡ ಬೇಕು. ಒತ್ತಡವನ್ನು ಮರಳಿ ಬಳಸಿಕೊಳ್ಳುವ ಮಾದರಿಗಳು ಲೀಟರ್‌ಗೆ 4–5 ವ್ಯಾಟ್-ಅವರ್‌ನಲ್ಲಿ ಮುಗಿಸುತ್ತವೆ, ಸಾಧಾರಣದವು ಅದರ ಎರಡು ಮೂರು ಪಟ್ಟು ತಿನ್ನುತ್ತವೆ. ನೀರು ಚೆನ್ನಾಗಿಯೇ ಇರುತ್ತದೆ, ಸ್ವಲ್ಪ ಸಪ್ಪೆ. ಆದರೆ ಬಂದರಿನೊಳಗೆ ಓಡಿಸುವಂತಿಲ್ಲ, ಎಣ್ಣೆ ಮೆಂಬ್ರೇನನ್ನು ಹಾಳು ಮಾಡುತ್ತದೆ. ಕ್ಲೋರಿನ್ ಕೂಡ ಹಾಗೇ. ಕೆಲವು ದಿನ ಸುಮ್ನೆ ಬಿಟ್ಟರೂ ಸಿಹಿನೀರಿನಿಂದ ತೊಳೆಯಬೇಕು, ಇನ್ನೂ ಜಾಸ್ತಿ ಬಿಟ್ಟರೆ ರಾಸಾಯನಿಕ ತುಂಬಿಡಬೇಕು. ಸಾಗರ ದಾಟುವವರಿಗೆ ಇದು ಒಳ್ಳೆಯ ಸಂಗಾತಿ. ವಾರಾಂತ್ಯಕ್ಕೆ ಹೋಗುವವರು ಇದರ ಹಿಂದೆ ಬೀಳಬೇಡಿ.

ಅಂಗಡಿಯಲ್ಲಿ ಪುಟ್ಟ ಲೋಹದ ಡಬ್ಬಿಯಲ್ಲಿ, ರಟ್ಟಿನ ಪೆಟ್ಟಿಗೆಯಲ್ಲಿ ಬರುವ ನೀರು? ಅದೂ ಒಮ್ಮೆ ಬಳಸಿ ಬಿಸಾಡುವುದೇ. ರಟ್ಟಿನ ಒಳಗೆ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಪದರ ಇರುತ್ತದೆ. ಬಿಟ್ಟುಬಿಡಿ.

ರೇಸ್‌ಗಳ ದಿನ ಲೆಕ್ಕ ಬೇರೆ. ದೋಣಿ ರೇಸ್‌ಗಳಲ್ಲಿ ಕಸ ಕಡಿಮೆ ಮಾಡಿಸಲು ಸೇಲರ್ಸ್ ಫಾರ್ ದ ಸೀ ಸಂಸ್ಥೆ ಶುರುಮಾಡಿದ ಕ್ಲೀನ್ ರೆಗಾಟಾ ಕಾರ್ಯಕ್ರಮ ನೀರು ತುಂಬಿಸುವ ಜಾಗಗಳನ್ನು ಮೊದಲಿಂದಲೂ ಒತ್ತಿ ಹೇಳುತ್ತದೆ, ಅದು ಸರಿಯೇ. ಆದರೆ ನಾನು ಮತ್ತೆ ಮತ್ತೆ ನೋಡಿದ್ದು ಒಂದೇ: ದಡದಲ್ಲಿ ಡ್ರಮ್ ಇರುತ್ತದೆ, ಅದಕ್ಕೆ ಸಣ್ಣಗೆ ಸುರಿಯುವ ಒಂದೇ ನಲ್ಲಿ ಇರುತ್ತದೆ, ಮೊದಲ ಸ್ಟಾರ್ಟ್‌ಗೆ ಹೊತ್ತಾಗುತ್ತಿರುವಾಗ ಉದ್ದ ಸಾಲು ನೋಡಿ ಜನ ಅಂಗಡಿಗೆ ಓಡಿ ಬಾಟಲಿ ತರುತ್ತಾರೆ. ಆಯೋಜಕರೇ, ದಯವಿಟ್ಟು ದಪ್ಪ ನಲ್ಲಿಗಳನ್ನು ನಾಲ್ಕೈದು ಕಡೆ ಹಾಕಿ, ಒಂದು ಬೆಂಬಲ ದೋಣಿಯಲ್ಲೂ ಕ್ಯಾನ್ ಇಡಿ, ಸ್ವಂತ ಬಾಟಲಿ ತನ್ನಿ ಅಂತ ನೋಂದಣಿ ಪತ್ರದಲ್ಲೇ ಬರೆಯಿರಿ.

ಒಂದು ವಿಷಯದಲ್ಲಿ ಮಾತ್ರ ನಾನು ಬಿಗಿ ಹಿಡಿಯುವುದಿಲ್ಲ. ತುರ್ತು ಚೀಲದಲ್ಲಿ ಸೀಲ್ ಮಾಡಿದ ನೀರು ಇರಲೇಬೇಕು, ಟ್ಯಾಂಕ್ ಸೋರಬಹುದು, ಪಂಪ್ ಕೈಕೊಡಬಹುದು. ಜೊತೆಗೆ ಒಂದು ಕ್ಯಾನನ್ನು ಮುಕ್ಕಾಲು ಭಾಗ ತುಂಬಿ ಹಗ್ಗ ಕಟ್ಟಿ ಇಡಿ. ದೋಣಿ ಬಿಡಬೇಕಾಗಿ ಬಂದರೂ ಅದು ಪಕ್ಕದಲ್ಲೇ ತೇಲುತ್ತದೆ. ಅದರ ನೀರನ್ನು ಆಗಾಗ ಅಡುಗೆಗೆ ಬಳಸಿ ಹೊಸದು ತುಂಬುತ್ತಿರಿ.