ಅಳತೆಯ ಚೀಟಿ ಇಲ್ಲದ ಕ್ಯಾಮ್‌ಶಾಫ್ಟನ್ನು ಎಂಜಿನ್‌ಗೆ ಹಾಕಿಸಬೇಡಿ

ಹಳೆಯ ಮಾರುತಿ ಎಸ್ಟೀಮ್‌ನಂಥ ಕಾರಿಗೆ ಹೆಚ್ಚಿನ ಶಕ್ತಿ ಬೇಕೆಂದು ಕ್ಯಾಮ್‌ಶಾಫ್ಟ್ (ಎಂಜಿನ್‌ನ ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ದಂಡ, ಚಿಕ್ಕದಾಗಿ ಕ್ಯಾಮ್) ಬದಲಿಸಲು ಹೊರಟಿರುವವರು ಮುಂಗಡ ಕೊಡುವ ಮುನ್ನ ಇದನ್ನು ಓದಬೇಕೆಂದು ವಿನಂತಿಸುತ್ತೇನೆ. ನನ್ನದು 1298 ಸಿಸಿಯ 16 ವಾಲ್ವ್ ಎಂಜಿನ್. ವಾರವಿಡೀ ಬೆಂಗಳೂರಿನ ಟ್ರಾಫಿಕ್‌ನಲ್ಲಿ, ಆಗೊಮ್ಮೆ ಈಗೊಮ್ಮೆ ಸಕಲೇಶಪುರದ ಘಾಟಿಯಲ್ಲಿ ಓಡುವ ಕಾರು. ಎಂಜಿನ್ ಕೆಲಸಕ್ಕೆ ಹೆಸರಾದ ಗ್ಯಾರೇಜೊಂದರಲ್ಲಿ ಕಂಪನಿಯ ಕ್ಯಾಮನ್ನೇ ಮರುಗ್ರೈಂಡ್ ಮಾಡಿ, ಅಂದರೆ ಉಜ್ಜಿ ಆಕಾರ ಬದಲಿಸಿ, '288 ಡಿಗ್ರಿ' ಕ್ಯಾಮ್ (ಎಂಜಿನ್‌ನ ಮುಖ್ಯ ದಂಡವಾದ ಕ್ರ್ಯಾಂಕ್ ಅಷ್ಟು ಡಿಗ್ರಿ ತಿರುಗುವವರೆಗೆ ವಾಲ್ವ್ ತೆರೆದಿಡುವಂಥದು) ಎಂದು ಹಾಕಿಕೊಟ್ಟರು. ಕಂಪ್ರೆಷನ್ (ಸಿಲಿಂಡರ್‌ನಲ್ಲಿ ಗಾಳಿ-ಪೆಟ್ರೋಲ್ ಮಿಶ್ರಣ ಒತ್ತಲ್ಪಡುವ ಪ್ರಮಾಣ) ಎಷ್ಟಿದೆ, ಇಸಿಯು (ಎಂಜಿನ್‌ನ ಕಂಪ್ಯೂಟರ್) ಯಾವುದು, ಗಾಡಿ ಹೆಚ್ಚಾಗಿ ಯಾವ ಆರ್‌ಪಿಎಂನಲ್ಲಿ ಓಡುತ್ತದೆ ಎಂಬ ಒಂದು ಪ್ರಶ್ನೆಯನ್ನೂ ಅವರು ಕೇಳಲಿಲ್ಲ. ಕ್ಯಾಮಿನ ಅಳತೆಗಳನ್ನು ಬರೆದುಕೊಡಿ ಎಂದು ನಾನು ಕೇಳಿದಾಗ, "ಚೀಟಿಗೀಟಿ ಏನೂ ಬೇಡ ಸಾರ್, ಓಡಿಸಿ ನೋಡಿ, ಗಾಡೀನೇ ಹೇಳುತ್ತೆ" ಎಂದರು.

ಐಡ್ಲಿಂಗ್ ಒಂದೇ ಸಮನೆ ಏರಿಳಿಯತೊಡಗಿತು. ಮೂರೂವರೆ ಸಾವಿರ ಆರ್‌ಪಿಎಂ ದಾಟುವವರೆಗೆ ಎಳೆತವೇ ಇರಲಿಲ್ಲ. ಫ್ಲೈಓವರ್ ಏರಲು ಎರಡನೇ ಗೇರ್ ಬೇಕಾಯಿತು. ಡ್ಯುರೇಶನ್ (ವಾಲ್ವ್ ತೆರೆದಿರುವ ಅವಧಿ) ಹೆಚ್ಚಿದ ಕ್ಯಾಮ್‌ನಲ್ಲಿ, ಮಿಶ್ರಣವನ್ನು ಒಳಬಿಡುವ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುವುದರಿಂದ, ಪಿಸ್ಟನ್ ಮೇಲೇರಲು ಆರಂಭಿಸಿದ ಮೇಲೂ ಆ ದಾರಿ ತೆರೆದೇ ಇದ್ದು, ಕಡಿಮೆ ವೇಗದಲ್ಲಿ ಒಳಬಂದ ಮಿಶ್ರಣದ ಒಂದು ಪಾಲು ಮರಳಿ ಮ್ಯಾನಿಫೋಲ್ಡಿಗೆ (ಗಾಳಿ ಒಳತರುವ ಕೊಳವೆಗೆ) ಹೋಗುತ್ತದೆ. ಎಂಜಿನ್‌ನ ಕಂಪ್ರೆಷನ್ ಕಾಗದದ ಮೇಲೆ ಎಷ್ಟೇ ಇದ್ದರೂ ಸಿಲಿಂಡರ್‌ನಲ್ಲಿ ನಿಜವಾಗಿ ಒತ್ತಲ್ಪಡುವುದು ಉಳಿದ ಪಾಲು ಮಾತ್ರ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯೇ ತೆಳುವಾಗಿರುವುದರಿಂದ ಈ ನಷ್ಟ ಇನ್ನಷ್ಟು ಎದ್ದು ಕಾಣುತ್ತದೆ.

ಬ್ರೇಕಿನ ವಿಷಯ ಇದಕ್ಕಿಂತ ಗಂಭೀರ. ಇನ್‌ಟೇಕ್ ಮತ್ತು ಎಕ್ಸಾಸ್ಟ್ ವಾಲ್ವ್‌ಗಳು ಒಟ್ಟಿಗೆ ತೆರೆದಿರುವ ಅವಧಿ, ಅಂದರೆ ಓವರ್‌ಲ್ಯಾಪ್, ಹೆಚ್ಚಾದಾಗ ಐಡ್ಲಿಂಗ್‌ನಲ್ಲಿ ಮ್ಯಾನಿಫೋಲ್ಡ್‌ನ ವ್ಯಾಕ್ಯೂಮ್ (ಗಾಳಿ ಹೀರುವ ಸೆಳೆತ) ಕುಸಿಯುತ್ತದೆ. ಪೆಡಲ್ ಒತ್ತಲು ನೆರವಾಗುವ ಬ್ರೇಕ್ ಬೂಸ್ಟರ್ ಕೆಲಸ ಮಾಡುವುದು ಅದೇ ವ್ಯಾಕ್ಯೂಮ್‌ನಿಂದ. ಟ್ರಾಫಿಕ್‌ನಲ್ಲಿ ನಿಂತು ನಿಂತು ಸಾಗುವಾಗ ಎರಡನೆಯ ಮೂರನೆಯ ಸಲಕ್ಕೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ಕುಟುಂಬದವರನ್ನು ಕೂರಿಸಿಕೊಂಡು ಓಡಿಸುವ ಕಾರಿನಲ್ಲಿ ಇದನ್ನು ಯಾರೂ ಸಹಿಸಬಾರದು. ಮ್ಯಾಪ್ ಸೆನ್ಸರ್ ಅಳೆದ ಮ್ಯಾನಿಫೋಲ್ಡ್ ಒತ್ತಡವನ್ನು ನೋಡಿ ಇಂಧನ ಅಳೆಯುವ ಇಸಿಯು, ವ್ಯಾಕ್ಯೂಮ್ ಕಡಿಮೆಯಾದದ್ದನ್ನು ಎಂಜಿನ್ ಮೇಲಿನ ಹೊರೆ ಎಂದೇ ಲೆಕ್ಕಹಾಕಿ ಪೆಟ್ರೋಲ್ ಹೆಚ್ಚಿಸುತ್ತದೆ. ಕಾರು ಹೊಗೆ ತಪಾಸಣೆಯಲ್ಲೂ ಪಾಸಾಗಲಿಲ್ಲ.

ಕೆಲವು ತಿಂಗಳಲ್ಲಿ ಎಂಜಿನ್‌ನ ಮೇಲ್ಭಾಗವಾದ ಹೆಡ್‌ನಿಂದ ಟಕಟಕ ಸದ್ದು ಬಂತು. ಬೇರೊಬ್ಬ ಅನುಭವಿ ಎಂಜಿನ್ ಕೆಲಸಗಾರರ ಬಳಿ ಕವರ್ ಬಿಚ್ಚಿಸಿದಾಗ ಎರಡು ಲೋಬ್‌ಗಳ (ವಾಲ್ವ್ ಎತ್ತುವ ಕ್ಯಾಮಿನ ಉಬ್ಬುಗಳ) ತುದಿ ಸವೆದು, ಉಗುರು ಎಳೆದರೆ ಸಿಕ್ಕಿಕೊಳ್ಳುವಷ್ಟು ಗೀರುಗಳಾಗಿದ್ದವು. ಆಯಿಲ್ ಫಿಲ್ಟರನ್ನು ಕತ್ತರಿಸಿ ಅದರ ಕಾಗದವನ್ನು ಬಿಸಿಲಿಗೆ ಹಿಡಿದಾಗ ಮಡಿಕೆಗಳ ನಡುವೆ ಕಬ್ಬಿಣದ ಪುಡಿ ಮಿನುಗುತ್ತಿತ್ತು. ಎರಕದ ಕಬ್ಬಿಣದ ಕ್ಯಾಮ್‌ನಲ್ಲಿ ಗಟ್ಟಿ ಪದರ ಇರುವುದು ಮೇಲ್ಮೈಯಲ್ಲಿ ಮಾತ್ರ. ಮಿತಿಮೀರಿ ಗ್ರೈಂಡ್ ಮಾಡಿದರೆ ಒಳಗಿನ ಮೆದು ಲೋಹ ಹೊರಗೆ ಬರುತ್ತದೆ. ಅದರ ಮೇಲೆ ಹಳೆಯ ಸವೆದ ರಾಕರ್‌ಗಳನ್ನೇ (ಲೋಬ್‌ನ ಒತ್ತನ್ನು ವಾಲ್ವ್‌ಗೆ ದಾಟಿಸುವ ತೋಳುಗಳನ್ನೇ) ಕೂರಿಸಲಾಗಿತ್ತು, ಸ್ಪ್ರಿಂಗ್‌ಗಳನ್ನೂ ಬದಲಿಸಿರಲಿಲ್ಲ. ಆ ಹಿರಿಯರು ಡಯಲ್ ಗೇಜ್ ಮತ್ತು ಡಿಗ್ರಿ ಚಕ್ರ ಇಟ್ಟು ಅಳೆದರು. ಸವೆಯದೆ ಉಳಿದಿದ್ದ ಇನ್‌ಟೇಕ್ ಲೋಬ್‌ಗಳ ಎತ್ತರವೂ ಒಂದರಂತೆ ಇನ್ನೊಂದು ಇರಲಿಲ್ಲ.

288 ಎಂಬ ಅಂಕಿಯೊಂದರಿಂದಲೇ ಯಾವ ತೀರ್ಮಾನಕ್ಕೂ ಬರಲಾಗದು. ವಾಲ್ವ್ ಕೂದಲೆಳೆಯಷ್ಟು ಎದ್ದಲ್ಲಿಂದ ಎಣಿಸಿದ ಡ್ಯುರೇಶನ್ ಒಂದು, 1 ಮಿ.ಮೀ. ಎದ್ದ ಮೇಲೆ ಎಣಿಸಿದ್ದು ಇನ್ನೊಂದು. ಎರಡರ ನಡುವೆ ಹತ್ತಾರು ಡಿಗ್ರಿಗಳ ಅಂತರವಿರುತ್ತದೆ. ಆದ್ದರಿಂದ ಕ್ಯಾಮ್ ಮಾರುವವರಿಂದ ಡ್ಯುರೇಶನ್ ಯಾವ ಲಿಫ್ಟ್‌ನಲ್ಲಿ (ವಾಲ್ವ್ ಎಷ್ಟು ಎದ್ದಾಗ) ಅಳೆದದ್ದು, ಲೋಬ್‌ಗಳ ನಡುವಿನ ಕೋನ ಎಷ್ಟು, ಇನ್‌ಟೇಕ್ ವಾಲ್ವ್ ಎಷ್ಟು ಡಿಗ್ರಿಗೆ ಮುಚ್ಚುತ್ತದೆ, ಟ್ಯಾಪೆಟ್ ಗ್ಯಾಪ್ (ರಾಕರ್ ಮತ್ತು ವಾಲ್ವ್ ನಡುವಿನ ಸಂದು) ಎಷ್ಟು ಎಂಬುದನ್ನು ಬರಹದಲ್ಲಿ ಪಡೆಯಿರಿ. ಕಂಪ್ರೆಷನ್ ಮತ್ತು ಇಸಿಯು ಎರಡೂ ಕಂಪನಿಯದೇ ಆಗಿದ್ದರೆ ಮೂಲ ಕ್ಯಾಮ್‌ಗಿಂತ ಒಂದು ಮೆಟ್ಟಿಲಷ್ಟೇ ಹೆಚ್ಚಿನದನ್ನು ಆರಿಸುವುದು ಕ್ಷೇಮ ಎಂಬುದು ನನ್ನ ದೃಢ ಅಭಿಪ್ರಾಯ.

ಹೆಡ್ ಕೊನೆಯದಾಗಿ ಮುಚ್ಚುವ ಮುನ್ನ ಪಿಸ್ಟನ್ ಮೇಲೆ ಮಕ್ಕಳ ಆಟದ ಜೇಡಿಯನ್ನು ಮೆತ್ತಿ, ಹೆಡ್ ಕೂರಿಸಿ ಟೈಮಿಂಗ್ ಬೆಲ್ಟ್ ಹಾಕಿ, ಕ್ರ್ಯಾಂಕನ್ನು ಕೈಯಿಂದಲೇ ಎರಡು ಪೂರ್ಣ ಸುತ್ತು ತಿರುಗಿಸಿ, ಹೆಡ್ ಮತ್ತೆ ತೆಗೆದು ನೋಡಲು ಹೇಳಿ. ವಾಲ್ವ್ ಒತ್ತಿದ ಜಾಗದಲ್ಲಿ ಜೇಡಿಯ ದಪ್ಪ ಇನ್‌ಟೇಕ್ ಕಡೆ ಸುಮಾರು 2 ಮಿ.ಮೀ., ಎಕ್ಸಾಸ್ಟ್ ಕಡೆ 2.5 ಮಿ.ಮೀ.ಗಿಂತ ಕಡಿಮೆಯಿದ್ದರೆ ವಾಲ್ವ್ ಪಿಸ್ಟನ್‌ಗೆ ಬಡಿಯಬಹುದು, ಆ ಎಂಜಿನನ್ನು ಸ್ಟಾರ್ಟ್ ಮಾಡಲು ಬಿಡಬೇಡಿ. ನನ್ನ ಕಾರಿಗೆ ಈಗ ಕಂಪನಿಯ ಹೊಸ ಕ್ಯಾಮ್ ಮತ್ತು ಹೊಸ ರಾಕರ್‌ಗಳನ್ನು ಹಾಕಿಸಿದ್ದೇನೆ. ಕಬ್ಬಿಣದ ಪುಡಿ ಬೇರಿಂಗ್‌ಗಳಿಗೂ ತಲುಪಿದ್ದರಿಂದ ಕೆಳಭಾಗದ ಎಂಜಿನ್ ಕೆಲಸ ಇನ್ನೂ ನಡೆಯುತ್ತಿದೆ, ಮೊದಲಿನ ಗ್ಯಾರೇಜಿನವರು ಹಣ ಹಿಂದಿರುಗಿಸಿಲ್ಲ.