12 ಗೇಜ್ ಕೇಳಿದರೆ 14 ಬಂತು

ಡಿಸೆಂಬರ್‌ನಲ್ಲಿ ಹಟ್ಟಿಯ ಹಿಂದೆ ಆಡುಗಳಿಗೆ ಬೇಲಿ ಹಾಕಲು ಬ್ರಹ್ಮಾವರ ಕಡೆಯ ಒಂದು ಅಂಗಡಿಯಿಂದ 5 ಅಡಿ ಎತ್ತರದ ಜಿಐ (ಸತು ಲೇಪಿಸಿದ ಕಬ್ಬಿಣದ) ಚೈನ್‌ಲಿಂಕ್ ಬಲೆ ತಂದೆ. ಕೇಳಿದ್ದು 12 ಗೇಜ್, ಬಂದದ್ದು 14. ನಂಬರ್ ಜಾಸ್ತಿ ಆದಷ್ಟೂ ತಂತಿ ತೆಳು, ಗೊತ್ತಿರಲಿ. ಫೋನ್ ಮಾಡಿದರೆ "ಎಲ್ಲ ಒಂದೇ ಮಾರಾಯ್ರೆ" ಅಂದರು. ಒಂದೇ ಅಂತೆ! ನಮ್ಮ ಹೋತ ಎರಡೇ ದಿನದಲ್ಲಿ ಮೈ ಉಜ್ಜಿ ಉಜ್ಜಿ ಬಲೆಗೆ ಹೊಟ್ಟೆ ಬರಿಸಿತು. ಕೊನೆಗೆ ಬದಲಿಸಿ ಕೊಟ್ಟರು, ಗಾಡಿ ಬಾಡಿಗೆ ಮಾತ್ರ ನನ್ನ ತಲೆಗೆ. ಈಗಿನ ಬಲೆ ಗಟ್ಟಿ ಇದೆ, ಬೆಳಗ್ಗೆ ಇಬ್ಬನಿ ತೊಟ್ಟಿಕ್ಕಿದರೂ ಇನ್ನೂ ತುಕ್ಕಿಲ್ಲ. ಜೊತೆಗೆ ಕೊಟ್ಟ ಕಟ್ಟುವ ತಂತಿ ಆಗಲೇ ಕೆಂಪಾಗಿದೆ, ನಮ್ಮ ಉಪ್ಪುಗಾಳಿಗೆ ಅದು ಸುಮ್ನೆ ದಂಡ. ಕಂಬದ ಗುಂಡಿಗಳನ್ನು ಮಾತ್ರ ಮಳೆ ನಿಂತ ಕೂಡಲೇ ತೋಡಿಸಿ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೆಲ, ಒಣಗಿದ ಮೇಲೆ ಹಾರೆ ಹಾಕಿದರೆ ಠಣ್ ಅನ್ನುತ್ತದೆ.