ಸೂತಕದ ಹತ್ತು ದಿನ, ಹಳೆಯ ಗೆಳೆಯ: ಮರಾಠಿಯ ‘ಸಾಬರ್ ಬೋಂಡ’

ಇಬ್ಬರು ಗಂಡಸರ ಪ್ರೇಮಕಥೆ ಎಂದೊಡನೆ ಕೊನೆಗೆ ಒಬ್ಬ ಸಾಯಬೇಕು, ಇಲ್ಲವೇ ನೆಂಟರೆಲ್ಲ ಸೇರಿ ಇಬ್ಬರನ್ನೂ ಹೊಡೆಯಬೇಕು ಎಂಬ ಲೆಕ್ಕಕ್ಕೆ ಸಿನಿಮಾಗಳು ನಮ್ಮನ್ನು ಒಗ್ಗಿಸಿಬಿಟ್ಟಿವೆ. ‘ಸಾಬರ್ ಬೋಂಡ’ದಲ್ಲಿ ಸಾವು ಮೊದಲೇ ಆಗಿಹೋಗುತ್ತದೆ. ಸಾಯುವವನು ಅಪ್ಪ. ಮುಂಬೈಯ ಕಾಲ್ ಸೆಂಟರಿನಲ್ಲಿ ದುಡಿಯುವ ಆನಂದ ತಾಯಿಯ ಜೊತೆ ತಂದೆಯ ಹಳ್ಳಿಗೆ ಹೋಗಿ ಹತ್ತು ದಿನ ಸೂತಕ ಕಳೆಯಬೇಕು. ಹೋಗಲು ಅವನಿಗೆ ಮನಸ್ಸಿಲ್ಲ. ನೆಂಟರು ಮದುವೆಯ ಮಾತು ಎತ್ತದೆ ಬಿಡುವುದಿಲ್ಲ ಎಂದು ಗೊತ್ತು. ಆ ಹಳ್ಳಿಯಲ್ಲಿ ಬಾಳ್ಯಾ ಇದ್ದಾನೆ, ಬಾಲ್ಯದ ಗೆಳೆಯ, ಆಡು ಮೇಯಿಸುವವನು, ಅವನೂ ಮದುವೆಯಾಗದವನು. ಕಥೆ ಇಷ್ಟೇ. ಒಂದು ಗಂಟೆ ಐವತ್ತು ನಿಮಿಷಕ್ಕೆ ಇದು ಬೇಕಾದಷ್ಟಾಯಿತು.

ಕಾರವಾರದಲ್ಲಿ ಈ ಚಿತ್ರ ನೋಡಲು ಒಂದು ಅನುಕೂಲವಿದೆ. ಇಲ್ಲಿ ಮರಾಠಿ ಪರಕೀಯವಲ್ಲ. ಕೊಂಕಣಿ ಬಲ್ಲವರಿಗೆ ಅರ್ಧ ಮಾತು ಹಾಗೆಯೇ ತಿಳಿಯುತ್ತದೆ. ಮನೆಯಲ್ಲಿ ನನ್ನ ಪಕ್ಕದಲ್ಲಿ ಕುಳಿತು ನೋಡಿದ ಚಿಕ್ಕಿಯಂತೂ ಕೊಲ್ಹಾಪುರದಲ್ಲಿ ಸಂಸಾರ ಮಾಡಿ ಬಂದವಳು, ಅಡಿಬರಹದ ಹಂಗೇ ಇಲ್ಲ. ಸಿನಿಮಾದ ವಿಷಯ ಏನೆಂದು ನಾನು ಮೊದಲೇ ಹೇಳಿರಲಿಲ್ಲ. ಹೇಳಿದ್ದರೂ ಅವಳು ಏಳುತ್ತಿರಲಿಲ್ಲ ಎನ್ನಿ. ಸಾವಿನ ಮನೆಯ ಕಥೆ ಎಂದರೆ ಅವಳಿಗೆ ಧಾರಾವಾಹಿಗಿಂತ ಹೆಚ್ಚು ಪ್ರೀತಿ.

ಚಿತ್ರದ ಜೀವ ಇರುವುದು ಆ ಹತ್ತು ದಿನಗಳ ಕಟ್ಟಳೆಗಳಲ್ಲಿ. ಆನಂದ ಚಪ್ಪಲಿ ಹಾಕುವಂತಿಲ್ಲ. ಪಟ್ಟಣದ ಅಂಗಾಲು ಆ ಒಣನೆಲದ ಮೇಲೆ ಊರುವುದನ್ನು ನೋಡಿ ಚಿಕ್ಕಿ, “ಚಪ್ಪಲಿ ಬಿಡಿಸಿದರಲ್ಲ, ಇನ್ನು ಅವನು ಎಲ್ಲಿಗೂ ಓಡಿಹೋಗಲಾರ” ಎಂದಳು. ಆದರೆ ನಿರ್ದೇಶಕ ಇದೇ ಕಟ್ಟಳೆಗಳನ್ನು ಬಿಡುವಾಗಿ ತಿರುಗಿಸುತ್ತಾನೆ. ಸೂತಕದ ಮನೆಯ ಮಗನಿಗೆ ಯಾರೂ ಕೆಲಸ ಹೇಳುವುದಿಲ್ಲ, ಯಾವ ಶುಭಕಾರ್ಯಕ್ಕೂ ಕರೆಯುವುದಿಲ್ಲ. ಮಧ್ಯಾಹ್ನ ಅವನು ಎದ್ದು ಗೆಳೆಯನ ಆಡುಗಳ ಹಿಂದೆ ಹೋದರೆ, ಪಾಪ, ದುಃಖ ಮರೆಯಲು ಹೋದ ಎಂದುಕೊಳ್ಳುತ್ತಾರೆ. ನಮ್ಮ ಕಡೆ ಹಳೆಯ ಮನೆಗಳಲ್ಲಿ ಸೂತಕದವರನ್ನು ಹೊರಗಿನವರು ಮುಟ್ಟುವುದಿಲ್ಲ. ಆ ಸಂಗತಿ ತಲೆಯಲ್ಲಿದ್ದುದರಿಂದಲೋ ಏನೋ, ಬಾಳ್ಯಾನ ಕೈ ಆನಂದನಿಗೆ ತಾಗಿದಾಗಲೆಲ್ಲ ನಾನು ಬೆನ್ನು ನೆಟ್ಟಗೆ ಮಾಡಿ ಕುಳಿತೆ.

ಬಾಳ್ಯಾ ಮತ್ತು ಆನಂದ ಒಬ್ಬರಿಗೊಬ್ಬರು ಮತ್ತೆ ಹತ್ತಿರವಾಗುವ ಬಗೆಯೂ ನನಗೆ ಹಿಡಿಸಿತು. ಮಳೆಯಲ್ಲಿ ನೆನೆದು ತಬ್ಬಿಕೊಳ್ಳುವುದಿಲ್ಲ, ಇಷ್ಟು ವರ್ಷ ನಿನಗಾಗಿ ಕಾದೆ ಎಂಬ ಭಾಷಣವಿಲ್ಲ. ಮರದ ನೆರಳಿನಲ್ಲಿ ಒರಗುತ್ತಾರೆ, ಆಡು ಕಾಯುತ್ತಾರೆ, ಯಾರು ಏನಾದರು ಎಂದು ಮಾತಾಡುತ್ತಾರೆ. ಶೀರ್ಷಿಕೆಯ ಹಣ್ಣು ಪಾಪಸುಕಳ್ಳಿಯದು; ಮೈತುಂಬ ನವಿರು ಮುಳ್ಳು. ಬಾಳ್ಯಾ ಅದನ್ನು ಗೆಳೆಯನಿಗೆಂದು ತಂದುಕೊಡುತ್ತಾನೆ. ಬೇರೆ ಚಿತ್ರದಲ್ಲಾದರೆ ಇದಕ್ಕೆ ಪಿಟೀಲು ಸೇರಿಸಿ ಕಣ್ಣೀರು ಹಿಂಡುತ್ತಿದ್ದರು. ಇಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ. ಹಣ್ಣು ತಿನ್ನುವುದನ್ನು ತಿನ್ನುವುದಾಗಿಯೇ ತೋರಿಸುವ ಧೈರ್ಯ ಎಲ್ಲ ನಿರ್ದೇಶಕರಿಗೂ ಬರುವುದಿಲ್ಲ.

ಈಗ ತಾಯಿಯ ವಿಷಯ. ಮಗ ಎಂಥವನು ಎಂದು ಸುಮನ್‌ಗೆ ಗೊತ್ತು. ತೀರಿಕೊಂಡ ತಂದೆಗೂ ಗೊತ್ತಿತ್ತು, ಅವರಿಬ್ಬರೂ ಅದನ್ನು ಒಪ್ಪಿದ್ದರು. ನೆಂಟರ ಬಾಯಿ ಮುಚ್ಚಿಸಲು ಮಾತ್ರ ಒಂದು ಕಥೆ ಬೇಕು: ಪ್ರೀತಿಸಿದ ಹುಡುಗಿಯೊಬ್ಬಳು ಕೈಕೊಟ್ಟಳು, ಹುಡುಗ ನೊಂದಿದ್ದಾನೆ, ಆಮೇಲೆ ನೋಡೋಣ. ಜಯಶ್ರೀ ಜಗತಾಪ್ ಈ ಪಾತ್ರವನ್ನು ಒಂದು ಹನಿಯೂ ಹೆಚ್ಚು ಸುರಿಸದೆ ಮಾಡಿದ್ದಾರೆ. ಗಂಡ ಸತ್ತ ಹೆಂಗಸು, ಸುತ್ತ ಗಂಡನ ಕಡೆಯವರು, ಅವರ ನಡುವೆ ಕುಳಿತು ಮಗನಿಗಾಗಿ ಸುಳ್ಳು ಕಾಯುತ್ತಾಳೆ. ಇಡೀ ಚಿತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನಿಜವೆನಿಸಿದ್ದು ಈ ಸುಳ್ಳು.

ಏಕೆಂದರೆ ಅಂಥದೊಂದು ನಮ್ಮ ಮನೆಯಲ್ಲೂ ಇತ್ತು. ನನ್ನ ಅಮ್ಮ ಕೇಳಿದವರಿಗೆಲ್ಲ ನನ್ನ ಜಾತಕದಲ್ಲಿ ಕುಜದೋಷವಿದೆ ಎನ್ನುತ್ತಿದ್ದಳು. ಜಾತಕವನ್ನು ಯಾವ ಜೋಯಿಸರೂ ಮತ್ತೆ ಬಿಡಿಸದ ಹಾಗೆ ಕಪಾಟಿನ ತಳಕ್ಕೆ ಸೇರಿಸಿದ್ದಳು. ಆ ಕುಜನ ಹೆಸರಿನಲ್ಲಿ ಅಂಕೋಲೆ, ಕುಮಟೆಯ ನೆಂಟರನ್ನೆಲ್ಲ ಎಷ್ಟೋ ವರ್ಷ ದೂರವಿಟ್ಟಳು. ನನಗಾಗಲಿ ಅವಳಿಗಾಗಲಿ ಅದರ ಬಗ್ಗೆ ಮಾತಾಡುವ ಅಗತ್ಯ ಬೀಳಲಿಲ್ಲ. ಅಂಥ ತಾಯಂದಿರನ್ನು ಪರದೆಯ ಮೇಲೆ ಕಾಣಲು ನಾನು ಮರಾಠಿ ಚಿತ್ರಕ್ಕೆ ಹೋಗಬೇಕಾಯಿತು. ಕನ್ನಡದ ಕಥೆ, ಕಾದಂಬರಿಗಳು ಈ ದಾರಿಯಲ್ಲಿ ನಡೆದು ಬಹಳ ಕಾಲವಾಯಿತು; ನಮ್ಮ ಸಿನಿಮಾ ಇನ್ನೂ ಇಂಥ ಪ್ರೇಮಿಗಳನ್ನು ನಗೆಪಾಟಲಿಗೆ ಕರೆದು ಹೀಯಾಳಿಸಿ ಕಳಿಸುತ್ತಿದೆ.

ಚಿತ್ರ ಬರೆದು ನಿರ್ದೇಶಿಸಿದ ರೋಹನ್ ಪರಶುರಾಮ್ ಕಾನವಡೆ ಅವರಿಗೆ ಇದು ಮೊದಲ ಪೂರ್ಣಾವಧಿ ಚಿತ್ರ. ಓದಿದ್ದು ಒಳಾಂಗಣ ವಿನ್ಯಾಸ. 2016ರಲ್ಲಿ ತಂದೆ ತೀರಿಕೊಂಡಾಗ ಸ್ವತಃ ಹಳ್ಳಿಗೆ ಹೋಗಿ ಸೂತಕ ಕಳೆದವರು. ಮದುವೆಯ ಕಾಟವನ್ನೂ ಅಲ್ಲಿ ಉಂಡವರು. ಆ ಮನೆಯಿಂದ ತಪ್ಪಿಸಿಕೊಂಡು ಹೋಗಲು ಅಲ್ಲೊಬ್ಬ ಗೆಳೆಯನಿದ್ದಿದ್ದರೆ ಎಂಬ ಯೋಚನೆ ಕಥೆಯಾಯಿತಂತೆ. 2025ರ ಜನವರಿಯಲ್ಲಿ ಅಮೆರಿಕದ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ತೆರೆಕಂಡು, ವಿಶ್ವ ಸಿನಿಮಾ ಕಥಾಚಿತ್ರ ವಿಭಾಗದ ಅತ್ಯುನ್ನತ ಪ್ರಶಸ್ತಿ ಗೆದ್ದಿತು. ಅದೇ ವರ್ಷದ ಸೆಪ್ಟೆಂಬರ್ 19ರಂದು ಭಾರತದಲ್ಲಿ ಬಿಡುಗಡೆಯಾಯಿತು. ನಮ್ಮ ಊರಿನ ಪರದೆಯವರೆಗೆ ಅದು ಬರಲಿಲ್ಲ, ಬರುತ್ತದೆಂದು ಯಾರೂ ಕಾದಿರಲೂ ಇಲ್ಲ.

ಕಡಿಮೆ ದುಡ್ಡಿನ ಚಿತ್ರ ಎಂಬುದು ಎದ್ದು ಕಾಣುತ್ತದೆ, ಆದರೆ ಕೊರತೆಯಾಗಿ ಅಲ್ಲ. ಮನೆ, ಹೊಲ, ಆಡು, ಒಂದೆರಡು ಮರ: ಹಳ್ಳಿಯಲ್ಲಿ ಇರುವುದಷ್ಟನ್ನೇ ಬಳಸಿದ್ದಾರೆ. ವಿಕಾಸ್ ಅರಸ್ ಅವರ ಕ್ಯಾಮೆರಾ ಒಂದು ಕಡೆ ಕುಳಿತರೆ ಕುಳಿತೇ ಬಿಡುತ್ತದೆ. ಮನುಷ್ಯರು ಚೌಕಟ್ಟಿನೊಳಗೆ ಬಂದು, ಕುಳಿತು, ಎದ್ದು ಹೋಗುತ್ತಾರೆ. ನೆಂಟರು ಸುತ್ತುವರಿದು ಕುಳಿತ ಹೊತ್ತಿನಲ್ಲಿ ಈ ಅಲುಗದ ಕ್ಯಾಮೆರಾ ಚೆನ್ನಾಗಿ ಹೊಂದುತ್ತದೆ. ಆನಂದನ ಹಾಗೆ ನಮಗೂ ಅಲ್ಲಿಂದ ಏಳಲು ದಾರಿ ಇರುವುದಿಲ್ಲ. ಚೌಕಟ್ಟಿನ ಮೂಲೆಗಳನ್ನು ದುಂಡಗೆ ಮಾಡಿದ್ದು ಮಾತ್ರ ಯಾಕೋ ನನಗೆ ಒಗ್ಗಲಿಲ್ಲ. ಹಳೆಯ ಫೋಟೋ ನೋಡಿದಂತೆ ಆಗಬೇಕೆಂದು ಇರಬಹುದು. ಈಗ ಉಸಿರಾಡುತ್ತಿರುವ ಇಬ್ಬರನ್ನು ಆಲ್ಬಮ್ಮಿಗೆ ಅಂಟಿಸುವ ಅವಸರ ಏನಿತ್ತು?

ಇನ್ನೆರಡು ತಕರಾರು. ಆಸ್ಪತ್ರೆಯಿಂದ ಹಳ್ಳಿ ಸೇರಿ ಕ್ರಿಯೆಗಳು ನಡೆಯುವ ಮೊದಲ ಭಾಗ ನಿಧಾನಕ್ಕಿಂತ ನಿಧಾನ. ಬಾಳ್ಯಾನ ಪಾತ್ರಕ್ಕೆ ಬರವಣಿಗೆಯಲ್ಲಿ ಸಿಕ್ಕ ಪಾಲೂ ಕಡಿಮೆ. ಆನಂದನಿಗೆ ತಾಯಿ ಇದ್ದಾಳೆ, ಮುಂಬೈ ಇದೆ. ಬಾಳ್ಯಾ ಆ ಹಳ್ಳಿಯಲ್ಲಿ ಒಬ್ಬನೇ ದಿನ ದೂಡಿದ್ದು ಹೇಗೆ ಎಂದು ಇನ್ನಷ್ಟು ತಿಳಿಯಬೇಕಿತ್ತು. ಭೂಷಣ್ ಮನೋಜ್ ಆನಂದನಾಗಿ ಮಾತು ನುಂಗುವುದನ್ನು ಸೊಗಸಾಗಿ ಮಾಡಿದ್ದಾರೆ. ಆದರೂ ಸೂರಜ್ ಸುಮನ್ ಬಾಳ್ಯಾನಾಗಿ ನಕ್ಕಾಗ ಪರದೆಗೆ ಬರುವ ಬೆಳಕೇ ಬೇರೆ. ಶಿರಸಿ, ಸಿದ್ದಾಪುರದ ಕಡೆ ತೋಟ ನೋಡಿಕೊಂಡು ಊರಿನಲ್ಲೇ ಉಳಿದ ಗಂಡುಗಳಿಗೆ ಹೆಣ್ಣು ಸಿಗುವುದಿಲ್ಲ ಎಂಬ ಗೋಳು ದಿನವೂ ಕೇಳುತ್ತೇವೆ. ಆ ಗೋಳಿನ ಮರೆಯಲ್ಲಿ ನೆಮ್ಮದಿಯಾಗಿ ಕುಳಿತ ಬಾಳ್ಯಾಗಳು ನಮ್ಮಲ್ಲೂ ಇರಲಾರರೇ ಎಂದು ನಾನು ಯೋಚಿಸಿದ್ದುಂಟು.

ಕೋರ್ಟು, ಕಾನೂನಿನ ಮಾತನ್ನು ಚಿತ್ರ ಮೈಮೇಲೆ ಎಳೆದುಕೊಳ್ಳುವುದಿಲ್ಲ. ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಇಂಥ ಪ್ರೀತಿ ಅಪರಾಧವಲ್ಲ ಎಂದಿತು. 2023ರ ಅಕ್ಟೋಬರ್ 17ರಂದು ಮದುವೆಯ ಮಾನ್ಯತೆಯನ್ನು ಮಾತ್ರ ಕೊಡಲಿಲ್ಲ. ಇತ್ತ ನೆಂಟರು ಕೇಳುವುದು ಮದುವೆಯೊಂದನ್ನೇ. ಸಾವಾದ ಮನೆಯಲ್ಲಿ ವರ್ಷ ತುಂಬುವುದರೊಳಗೆ ಮದುವೆ ಮುಗಿಸಬೇಕೆಂಬ ಮಾತು ನಮ್ಮ ಕಡೆಯೂ ಇದೆ. ಹೆಣ ಎತ್ತಿದ ವಾರದಲ್ಲೇ ಹುಡುಗಿಯರ ಹೆಸರು ಹಿಡಿದು ಬರುವ ಮಾವಂದಿರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರು ಕೆಟ್ಟವರಲ್ಲ, ಈ ಚಿತ್ರದ ನೆಂಟರೂ ಅಲ್ಲ. ಯಾರನ್ನೂ ರಾಕ್ಷಸರನ್ನಾಗಿ ಮಾಡದಿರುವುದರಿಂದಲೇ ಅವರ ಕಾಟ ಹೆಚ್ಚು ಚುಚ್ಚುತ್ತದೆ.

ಇಬ್ಬರೂ ದೇಹದಿಂದ ಹತ್ತಿರವಾಗುವ ದೃಶ್ಯಗಳಿವೆ; ಮಕ್ಕಳನ್ನು ಕೂರಿಸಿಕೊಂಡು ನೋಡುವ ಚಿತ್ರವಲ್ಲ. ನಾನು ಅಂಥ ಕಡೆ ರಿಮೋಟಿಗೆ ಕೈ ಹಾಕಿದಾಗ ಚಿಕ್ಕಿ, “ಇರಲಿ ಬಿಡು, ನಾನೇನು ನಿನ್ನೆ ಹುಟ್ಟಿದವಳೇ” ಎಂದು ಗದರಿದಳು. ಸ್ವಲ್ಪ ಹೊತ್ತಿನ ಮೇಲೆ ಅವಳೇ, “ನಿನ್ನ ಕುಜದೋಷ ನಿನ್ನ ಅಮ್ಮನದೇ ಕೆಲಸ ಎಂದು ನನಗೆ ಆಗಲೇ ಗೊತ್ತಿತ್ತು” ಎಂದಳು. ಚಿತ್ರ ನಿಲ್ಲಿಸದೆ ಮುಂದೆ ನೋಡಿದೆವು.

ನೋಡುವವರಿಗೆ ಎರಡು ಮಾತು. ಮೊಬೈಲಿನಲ್ಲಿ ನೋಡಬೇಡಿ, ದೂರದಿಂದ ಹಿಡಿದ ಚೌಕಟ್ಟುಗಳಲ್ಲಿ ಮುಖವೇ ಕಾಣುವುದಿಲ್ಲ. ಸಂಗೀತವಿಲ್ಲದ್ದರಿಂದ ಸಣ್ಣ ಸದ್ದುಗಳೇ ಎಲ್ಲ, ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಕುಳಿತರೆ ಅರ್ಧ ಚಿತ್ರ ಹೋದಂತೆ, ಹೆಡ್‌ಫೋನ್ ಹಾಕಿಕೊಳ್ಳಿ. ನಾನು ನೋಡಿದ ಪ್ರತಿಯಲ್ಲಿ ಕನ್ನಡ ಅಡಿಬರಹ ಇರಲಿಲ್ಲ, ಇಂಗ್ಲಿಷಿನದು ಹಳ್ಳಿಯ ಮಾತಿನ ಖಾರವನ್ನು ತೊಳೆದುಬಿಟ್ಟಿದೆ. ಮರಾಠಿ ಬಲ್ಲ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡರೆ ಒಳ್ಳೆಯದು, ಅವರು ನಡುನಡುವೆ ಮಾತಾಡುವುದನ್ನು ಸಹಿಸಬೇಕು ಅಷ್ಟೇ.